ಅನುಭವ ಆರು ವರ್ಷ, ಕುರಿಗಳ ಜೊತೆ

ಅವರ ಬಲಗೈ ಬೆರಳುಗಳಲ್ಲಿ ಗೆರೆಗಳೇ ಇರಲಿಲ್ಲ. ಉಣ್ಣೆ, ಬೇವಿನೆಣ್ಣೆ, ಕುರಿಯ ಬಾಯ ಜೊಲ್ಲು ಎಲ್ಲ ಸೇರಿ ಬೆರಳ ತುದಿಗಳನ್ನು ಹಳೆಯ ನಾಣ್ಯದಂತೆ ಸವೆಸಿಬಿಟ್ಟಿದ್ದವು. ರೇಷನ್ ಅಂಗಡಿಯ ಮಷೀನು ಅವರ ಹೆಬ್ಬೆಟ್ಟನ್ನು ಒಮ್ಮೆಯೂ ಒಪ್ಪಿಕೊಳ್ಳುತ್ತಿರಲಿಲ್ಲ. ‘ಒರಸ್ಕೊಂಡು ಮತ್ತ ಇಡು ಮುತ್ಯಾ’ ಎಂದು ಹೇಳಿ ಹೇಳಿ ಅಂಗಡಿಯವನಿಗೇ ಸಾಕಾಗುತ್ತಿತ್ತು. ‘ನಿನ್ನ ಮಷೀನಿಗೆ ನಾ ಯಾರಂತ ಗೊತ್ತಿಲ್ಲ. ನನ್ನ ಕುರಿಗೆ ಗೊತ್ತೈತಿ, ಸಾಕು’ ಎಂದು ಅವರು ನಗುತ್ತಿದ್ದರು. ಅದೇ ಬೆರಳುಗಳನ್ನು ಕುರಿಯ ತೊಡೆಯ ಒಳಬದಿಗೆ ಒತ್ತಿ, ಕಣ್ಣು ಮುಚ್ಚಿ, ಜ್ವರ ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳಿಬಿಡುತ್ತಿದ್ದರು.

ದಿಗ್ಗೇವಾಡಿಯಲ್ಲಿ ನಮ್ಮ ಹೊಲಕ್ಕೆ ಹತ್ತಿಕೊಂಡೇ ಅವರ ಕುರಿಹಟ್ಟಿ. ರಕ್ತಸಂಬಂಧವೇನೂ ಇಲ್ಲ, ಆದರೂ ನನಗೆ ಅಜ್ಜ, ಮುತ್ಯಾ ಎಂದರೆ ಅವರೇ. ಏಳನೆಯ ತರಗತಿಯಿಂದ ಪಿಯುಸಿ ಮುಗಿಯುವವರೆಗೆ ಶಾಲೆಗೆ ಹೋಗುವ ಮುನ್ನ ಅರ್ಧ ತಾಸು ಅಲ್ಲಿ ಹಾಜರಿ ಹಾಕುತ್ತಿದ್ದೆ. ‘ಈಕೀನ್ನ ಕುರಿ ಕಾಯಾಕ ಕೊಟ್ಟಬಿಡೂನು’ ಎಂದು ಅವ್ವ ಚೇಷ್ಟೆ ಮಾಡುತ್ತಿದ್ದಳು.

ಮುತ್ಯಾ ಒಮ್ಮೆಲೇ ಹಟ್ಟಿಯೊಳಗೆ ಹೋದವರಲ್ಲ. ಹೊರಗೆ ಹತ್ತು ಹೆಜ್ಜೆ ದೂರದಲ್ಲಿ ಕೋಲಿಗೆ ಗದ್ದ ಊರಿ ಸುಮ್ಮನೆ ನಿಲ್ಲುತ್ತಿದ್ದರು. ಮೆಲುಕು ಹಾಕದೆ ನಿಂತದ್ದು ಯಾವುದು, ಕಿವಿ ಜೋತುಬಿಟ್ಟದ್ದು ಯಾವುದು, ಪಕ್ಕೆ ಬೇಗ ಬೇಗ ಏರಿಳಿಯುತ್ತಿರುವುದು ಯಾವುದು, ಎಲ್ಲ ಅಲ್ಲಿಂದಲೇ. ಆಮೇಲೆ ಒಳಗೆ ಹೋಗಿ, ಆ ಒಂದೇ ಕುರಿಯನ್ನು ಹಿಡಿದು, ಕೆಳರೆಪ್ಪೆ ಎಳೆದು ಬಣ್ಣ ನೋಡುವರು. ‘ಮೊದಲ ನೋಡು, ಆಮ್ಯಾಲ ಮುಟ್ಟು’ ಎಂಬುದು ಅವರ ಮಾತು. ನಾನು ಕೈ ಚಾಚಿದರೆ ಕೋಲಿನಿಂದ ಮೆಲ್ಲಗೆ ತಟ್ಟುತ್ತಿದ್ದರು.

ಡಾಕ್ಟರಾಗಬೇಕೆಂದು ಬರೆದ ಪರೀಕ್ಷೆಯಲ್ಲಿ ನಾನು ಎರಡು ಸಲ ಮುಗ್ಗರಿಸಿದೆ. ಆಗ ಫಿಜಿಷಿಯನ್ ಅಸಿಸ್ಟೆಂಟ್ ಎಂಬ ನಾಲ್ಕು ವರ್ಷದ ಕೋರ್ಸಿನ ಸುದ್ದಿ ಸಿಕ್ಕಿತು. ಡಾಕ್ಟರ ಕೈಕೆಳಗೆ ರೋಗಿಯನ್ನು ವಿಚಾರಿಸುವುದು, ಪರೀಕ್ಷಿಸುವುದು, ಕಂಡದ್ದನ್ನು ಅವರಿಗೆ ತಿಳಿಸುವುದು ಆ ಕೆಲಸ. ಇದೂ ಆಗದಿದ್ದರೆ ಪುಸ್ತಕ ಕಟ್ಟಿಡಬೇಕೆಂದು ಮನೆಯಲ್ಲಿ ಮಾತಾಗಿತ್ತು. ಮುತ್ಯಾಗೆ ಹೇಳಿದಾಗ, ‘ಡಾಕ್ಟರ್ ಬರೂಕಿಂತ ಮೊದಲ ನೋಡಾಕಿ ಅನ್ನು. ಅದನ್ನ ಕಲಿಯಾಕ ನಾಕ ವರ್ಷಾ?’ ಎಂದು ಹುಬ್ಬೇರಿಸಿದರು.

ಅರ್ಜಿ ತುಂಬಲು ರಾಯಬಾಗದ ಕಂಪ್ಯೂಟರ್ ಸೆಂಟರಿಗೆ ಹೋದೆ. ಹೆಬ್ಬೆಟ್ಟಿನ ತಕರಾರು ಬಗೆಹರಿಸಿಕೊಳ್ಳಲು ಮುತ್ಯಾ ಕೂಡ ಅವತ್ತು ಅಲ್ಲೇ ಆಧಾರ್ ಪಾಳಿಯಲ್ಲಿ ಕೂತಿದ್ದರು. ಅರ್ಜಿಯಲ್ಲೊಂದು ಕಾಲಂ: ರೋಗಿಗಳ ಆರೈಕೆಯಲ್ಲಿ ಅನುಭವ ಇದೆಯೇ, ಯಾರ ಬಳಿ, ಎಷ್ಟು ವರ್ಷ?

‘ಇಲ್ಲಾ ಅಂತ ಹಾಕ್ಲೇನ್ರಿ?’ ಎಂದ ಸೆಂಟರಿನವನು.

‘ಇಲ್ಲಾ ಅಂತ ಯಾಕ ಹಾಕ್ತಿ?’ ಹಿಂದಿನಿಂದ ಮುತ್ಯಾ ಎದ್ದರು. ‘ನನ್ನ ಕೂಡ ಆರು ವರ್ಷ ಮಾಡ್ಯಾಳಲ್ಲ. ಸುಳ್ಳ ಯಾಕ ಬರೀಬೇಕು?’

ನನಗೂ ಅದು ಸರಿಯೆನ್ನಿಸಿತು. ‘ಆರು ವರ್ಷ, ಕುರಿಗಾರರ ಬಳಿ’ ಎಂದು ಹಾಕಿಸಿದೆ. ಅರ್ಜಿ ಹೋದ ಮೇಲೆ ಸೆಂಟರಿನವನು ಹಲ್ಲು ಕಿರಿದಾಗಲೇ ಬುದ್ಧಿ ಬಂದದ್ದು. ತಿದ್ದಲು ದಾರಿಯಿರಲಿಲ್ಲ.

ಕಾಲೇಜಿನ ಸಂದರ್ಶನದಲ್ಲಿ ಮೂವರು ಡಾಕ್ಟರರು. ಒಬ್ಬರು ಅರ್ಜಿ ಓದಿ ನಕ್ಕೇಬಿಟ್ಟರು. ನಡುವೆ ಕೂತಿದ್ದ ಮೇಡಂ ಮಾತ್ರ ನಗಲಿಲ್ಲ. ‘ಕುರಿ ಎಲ್ಲಿ ನೋಯುತ್ತದೆಂದು ಹೇಳುವುದಿಲ್ಲವಲ್ಲ?’ ಎಂದು ಕೇಳಿದರು. ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಹಾರಿಹೋಗಿತ್ತು. ದೂರ ನಿಂತು ನೋಡುವುದನ್ನು, ರೆಪ್ಪೆ ಎಳೆಯುವುದನ್ನು ನಮ್ಮೂರ ಮಾತಿನಲ್ಲೇ ಹೇಳಿದೆ.

‘ನಿಮ್ಮ ಗುರುಗಳಿಗೆ ತಿಳಿಯದ ರೋಗ ಬಂದದ್ದಿಲ್ಲವೇ?’

ಬಂದಿತ್ತು. ಅವರ ಮುದ್ದಿನ ಕರಿ ಕುರಿ ಒಂದು ಮುಂಜಾನೆ ತಲೆ ಓರೆ ಮಾಡಿ ಸುತ್ತತೊಡಗಿತ್ತು. ಊರ ಮಂದಿಯೆಲ್ಲ ನೆರೆದಿದ್ದರು. ಆರೂರಿನವರು ಔಷಧ ಕೇಳಿಕೊಂಡು ಬರುತ್ತಿದ್ದ ಮನುಷ್ಯ ಎಲ್ಲರ ಎದುರಿಗೆ, ‘ಇದು ನನಗ ಗೊತ್ತಾಗವಲ್ದು’ ಎಂದು, ಚಪ್ಪಲಿ ಮೆಟ್ಟಿ, ದನದ ಡಾಕ್ಟರನ್ನು ಕರೆತರಲು ನಡೆದೇಬಿಟ್ಟರು. ದಾರಿಯಲ್ಲಿ ನನಗೆ ಹೇಳಿದರು: ‘ಗೊತ್ತಿಲ್ಲ ಅನ್ನಾಕ ನಾಚಬಾರದವ್ವಾ. ಕುರಿ ಸತ್ತಮ್ಯಾಲ ನಾಚಿ ಏನ್ ಮಾಡೂದೈತಿ?’

‘ಆ ಕುರಿ ಉಳಿಯಿತೇ?’ ಮೇಡಂ ಕೇಳಿದರು.

‘ಇಲ್ರಿ ಮೇಡಂ. ಮೂರನೇ ದಿನ ಸತ್ತಿತು. ಮುತ್ಯಾ ಅತ್ರು. ಆಮ್ಯಾಲ ಕಣ್ಣ ಒರಸ್ಕೊಂಡು ಡಾಕ್ಟರಿಗೆ ಕೈ ಮುಗದು, ಕೊಯ್ದು ಒಳಗ ತೋರಸ್ರಿ, ಮುಂದಿನದಕ್ಕ ಬೇಕಾಗತೈತಿ ಅಂದ್ರು. ನನ್ನನ್ನೂ ಕರದು ನಿಂದರಿಸಿದ್ರು. ತಲಿಯೊಳಗ ನೀರಿನ ಗುಳ್ಳಿ ಇತ್ರಿ.’

ಮೊದಲು ನಕ್ಕಿದ್ದ ಡಾಕ್ಟರು ಈಗ ನಗುತ್ತಿರಲಿಲ್ಲ. ಮೇಡಂ ಅರ್ಜಿಯ ಮೇಲೆ ಏನೋ ಬರೆದುಕೊಂಡು, ಮುತ್ಯಾನ ವಯಸ್ಸೆಷ್ಟು ಎಂದು ಕೇಳಿದರು. ಎಪ್ಪತ್ತರ ಮೇಲೆ ಎಂದೆ. ಹದಿನೈದು ದಿನದಲ್ಲಿ ಸೀಟು ಸಿಕ್ಕ ಪತ್ರ ಬಂತು.

ಮೂರನೆಯ ವರ್ಷದ ರಜೆಗೆ ಬಂದಾಗ ಮುತ್ಯಾ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಮಲಗಿದ್ದರು. ಓಡಿ ಹೋಗಬೇಕೆಂದವಳು ಹತ್ತು ಹೆಜ್ಜೆ ದೂರದಲ್ಲಿ, ನನಗೇ ಗೊತ್ತಿಲ್ಲದೆ, ನಿಂತುಬಿಟ್ಟೆ.

‘ಎಷ್ಟ ಅದಾವ?’ ಕಣ್ಣು ತೆರೆಯದೆಯೇ ಕೇಳಿದರು. ಉಸಿರು ಎಣಿಸುತ್ತಿದ್ದೇನೆಂದು ಅವರಿಗೆ ತಿಳಿದಿತ್ತು.

‘ನಿಮಿಷಕ್ಕ ಮೂವತ್ತರ ಹತ್ರ, ಮುತ್ಯಾ. ಜಾಸ್ತಿ ಅದಾವ.’

‘ಹ್ಞಾಂ, ಬಾ. ಈಗ ಮುಟ್ಟು’ ಎಂದು ತಾವೇ ಬೆರಳಿನಿಂದ ಕೆಳರೆಪ್ಪೆ ಎಳೆದು ತೋರಿಸಿದರು. ಒಳಗೆ ಕೆಂಪೆಂಬುದೇ ಇರಲಿಲ್ಲ. ‘ಏನ್ ಬ್ಯಾನಿ?’

ನಾಡಿ ಹಿಡಿದು ನೋಡಿದೆ. ‘ಗೊತ್ತಾಗವಲ್ದು ಮುತ್ಯಾ. ದೊಡ್ಡ ಡಾಕ್ಟರಿಗೆ ತೋರ್ಸೂನು.’

‘ಭಲೆ!’ ಎಂದು ಹೊರಸಿನ ಕಟ್ಟಿಗೆಯನ್ನು ತಟ್ಟಿದರು. ‘ನಿನ್ನ ನಾಕ ವರ್ಷ ಮೂರಕ್ಕ ಮುಗೀತು.’

ಅವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಜೀಪಿನಲ್ಲಿ ನನ್ನ ಕೈ ಹಿಡಿದುಕೊಂಡೇ ಇದ್ದರು. ರಾಯಬಾಗ ದಾಟಿದ ಮೇಲೆ, ಮುಂದೆ ಕೂತ ತಮ್ಮ ಮಗನಿಗೆ ಕೇಳದಂತೆ ಹೇಳಿದರು: ‘ನಾ ಹೋದಮ್ಯಾಲ ನಂದೂ ಒಳಗ ನೋಡವ್ವಾ. ಮುಂದಿನವರಿಗೆ ಬೇಕಾಗತೈತಿ.’

ರಕ್ತದ ಬೇನೆ ಎಂದರು ಡಾಕ್ಟರರು. ಮುತ್ಯಾ ಆಮೇಲೆ ಎರಡು ತಿಂಗಳಿದ್ದರು. ಅವರ ಹೊಲದಲ್ಲೇ, ಹಟ್ಟಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಗುಂಡಿಗೆ ಇಳಿಸುವ ಮುನ್ನ ಅವರ ಮಗ ‘ಯಾರರ ಏನರ ಹೇಳೂದೈತೇನ್ರಿ?’ ಎಂದು ಕೇಳಿದ. ಜೀಪಿನಲ್ಲಿ ಅವರು ಹೇಳಿದ್ದನ್ನು ನಾನು ಬಾಯಿಬಿಡಲಿಲ್ಲ. ಕೊಯ್ದ ಮೈಗಳನ್ನು ಆ ಮೂರು ವರ್ಷದಲ್ಲಿ ಎಷ್ಟೋ ನೋಡಿದ್ದೆ, ಆದರೆ ಈ ಮೈಯನ್ನು ನೋಡುವ ಧೈರ್ಯ ನನಗಿರಲಿಲ್ಲ. ಗೆರೆಯಿಲ್ಲದ ಆ ಬೆರಳುಗಳನ್ನು ಒಮ್ಮೆ ಮುಟ್ಟಿ, ಹಿಡಿ ಮಣ್ಣು ಹಾಕಿ ಬಂದೆ. ಅವರು ಕಲಿಸಬೇಕೆಂದದ್ದರಲ್ಲಿ ನಾನು ಕಲಿಯದೆ ಬಿಟ್ಟದ್ದು ಅದೊಂದೇ.