ಮೂರು, ಎರಡು, ಲಾಭ

ಸಿನಿಮಾ ಮಂದಿರದಲ್ಲಿ ಪಕ್ಕದಲ್ಲಿ ಕೂರಲು ನಾನು ಒಳ್ಳೆಯ ಸಂಗಾತಿಯಲ್ಲ. ಪರದೆಯ ಮೇಲೆ ಯಾರಾದರೂ ಮಾತು ನಿಲ್ಲಿಸಿದರೆ ಸಾಕು, ನನ್ನ ತುಟಿ ಅಲ್ಲಾಡತೊಡಗುತ್ತದೆ. ಹನ್ನೊಂದು ವರ್ಷ ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದವನ ಚಟ ಇದು. ಪರದೆಯ ಮರೆಯಲ್ಲಿ ನಿಂತು, ಮರೆತ ಮಾತನ್ನು ಜನರಿಗೆ ಕೇಳಿಸದಂತೆ ನಟರಿಗಷ್ಟೇ ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ಆ ಕೆಲಸಕ್ಕೆ ಚಪ್ಪಾಳೆ ಇಲ್ಲ. ಬೈಗುಳವೂ ಇಲ್ಲ. ತಪ್ಪು ಯಾರದೇ ಇರಲಿ, ಜನಕ್ಕೆ ಕಾಣುವುದು ಬೆಳಕಿನಲ್ಲಿ ನಿಂತವರ ಮುಖ. ಆ ಕತ್ತಲಿನ ಸುಖವನ್ನು ನಾನು ನಲವತ್ತು ವರ್ಷ ಅನುಭವಿಸಿದ್ದೇನೆ. ಇಲ್ಲಿ ಹೇಳಬೇಕಾಗಿರುವುದು ಅದನ್ನೇ.

ಬೇರೆ ಕಂಪನಿಗಳು ಅತ್ತೆ ಸೊಸೆ, ಗೌಡ ಬಡವ ಎಂದು ಆಡುತ್ತಿದ್ದ ಕಾಲದಲ್ಲಿ ನಮ್ಮ ಕಂಪನಿ ರಾಕೆಟ್ ಹಾರಿಸುತ್ತಿತ್ತು. ಹುನಗುಂದದ ಒಬ್ಬ ವಿಜ್ಞಾನದ ಮಾಸ್ತರರು ‘ಮಲಪ್ರಭಾ ನೌಕೆ’ ಎಂಬ ನಾಟಕ ಬರೆದುಕೊಟ್ಟಿದ್ದರು. ಮೊದಲ ಭಾಗದಲ್ಲಿ ನೌಕೆ ಚಂದ್ರನಿಗೆ ಹೋಗುತ್ತಿತ್ತು, ಎರಡನೆಯದರಲ್ಲಿ ಮಂಗಳಕ್ಕೆ, ಮೂರನೆಯದರಲ್ಲಿ ಶನಿಗೆ. ನೌಕೆಯೆಂದರೆ ಎಣ್ಣೆಯ ಡ್ರಮ್ಮಿನ ತಗಡು, ಲಾರಿಯ ಕೆಂಪು ದೀಪ, ಮೇಲಕ್ಕೆಳೆಯಲು ಬಾವಿಯ ಗಡಗಡಿ. ಹೊಗೆಗೆ ಧೂಪದ ಲೋಬಾನ ಹಾಕುತ್ತಿದ್ದೆವು. ಹಾಗಾಗಿ ರಾಕೆಟ್ ಏಳುವಾಗ ಮುಂದಿನ ಸಾಲಿನ ಹಿರಿಯರು ತಮಗರಿವಿಲ್ಲದೆ ಕೈ ಮುಗಿಯುತ್ತಿದ್ದರು. ನೌಕೆಯ ಕ್ಯಾಪ್ಟನ್ ಪಾತ್ರ ಇಳಕಲ್ಲಿನ ರೇಣವ್ವನದು. ಮೈಕು ಕೈಕೊಟ್ಟ ದಿನವೂ ಆಕೆಯ ದನಿ ಕಟ್ಟಕಡೆಯ ಚಾಪೆಯವರೆಗೆ ಹೋಗುತ್ತಿತ್ತು.

ಇನ್ನು ನನ್ನ ತಪ್ಪಿನ ವಿಷಯ. ಮಳೆಗಾಲದಲ್ಲಿ ಕಂಪನಿ ಮುಚ್ಚಿರುವಾಗ ನಾನು ಅಣ್ಣನ ಕಾಳಿನ ಅಂಗಡಿಯಲ್ಲಿ ಜೋಳ ಅಳೆಯುತ್ತಿದ್ದೆ. ನಮ್ಮ ಕಡೆ ಕಾಳು ಅಳೆಯುವವರು ಮೊದಲ ಶೇರಿಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ. ಅಳತೆ ಶುಭದಿಂದ ಶುರುವಾಗಲಿ ಎಂಬ ಆಸೆ. ಲೆಕ್ಕವನ್ನು ಹಾರೈಕೆಯಿಂದ ಆರಂಭಿಸುವ ಈ ಪದ್ಧತಿಗೆ ಗಣಿತದವರು ಏನೆನ್ನುತ್ತಾರೋ ತಿಳಿಯದು. ನಾಲಿಗೆಗಂತೂ ಅದು ಅಂಟಿಬಿಡುತ್ತದೆ. ಎರಡು ತಿಂಗಳು ಅಳೆದರೆ, ಮನೆಯಲ್ಲಿ ರೊಟ್ಟಿ ಎಣಿಸುವಾಗಲೂ ಮೊದಲನೆಯದು ಲಾಭವೇ.

ಮಳೆಗಾಲ ಮುಗಿದೊಡನೆ ‘ಮಲಪ್ರಭಾ ನೌಕೆ’ಯ ಮೊದಲ ಪ್ರಯೋಗ ಇಳಕಲ್ಲಿನಲ್ಲಿ. ಅಂದು ಮಧ್ಯಾಹ್ನದವರೆಗೆ ಜೋಳ ಅಳೆದು ನೇರ ಬಂದು ಪರದೆಯ ಹಿಂದೆ ನಿಂತಿದ್ದೆ. ಹಾರುವ ಮುಂಚಿನ ಎಣಿಕೆ ಬಂತು. ರೇಣವ್ವನಿಗೆ ಇಳಿಯೆಣಿಕೆಯೆಂದರೆ ಅಂಜಿಕೆ, ಅದಕ್ಕೆ ಒಂದೊಂದು ಅಂಕಿಯನ್ನೂ ನಾನೇ ಹೇಳಿಕೊಡುತ್ತಿದ್ದೆ. ಹತ್ತು. ಒಂಬತ್ತು. ಎಲ್ಲವೂ ಸರಿಯಾಗಿಯೇ ಇಳಿಯಿತು. ಮೂರು. ಎರಡು. ಆಮೇಲೆ ನನ್ನ ಬಾಯಿಂದ ಬಂದದ್ದು, “ಲಾಭ.”

ಆಕೆ ಅನುಮಾನಿಸಲಿಲ್ಲ. ಕೈ ಮೇಲೆತ್ತಿ “ಲಾಭ!” ಎಂದು ಕೂಗಿದಳು. ಗಡಗಡಿ ತಿರುಗಿತು, ನೌಕೆ ಎದ್ದಿತು. ನೇಕಾರರು, ಹಮಾಲರು, ಕಾಳಿನ ಪೇಟೆಯವರು ಎಲ್ಲ ಎದ್ದು ನಿಂತು, ನಗುತ್ತ ‘ಒನ್ಸ್ ಮೋರ್’ ಎಂದು ಕೂಗಿದರು. ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಬಿತ್ತೆಂದರೆ ಸತ್ತ ಖಳನಾಯಕನೂ ಎದ್ದು ಮತ್ತೆ ಸಾಯಬೇಕು. ಹಾರಿದ ರಾಕೆಟ್ಟನ್ನು ಇಳಿಸಿ ಹಾರಿಸಿದೆವು, ಆ ಒಂದು ಪ್ರಯೋಗದಲ್ಲೇ ನಾಲ್ಕು ಸಲ. ನೌಕೆಯನ್ನು ಬೀಳ್ಕೊಡಲು ನಿಂತಿದ್ದ ಪಾತ್ರಧಾರಿಗಳು ನಾಲ್ಕು ಸಲವೂ ಅತ್ತರು.

ಅಳದೆ, ನಗದೆ ಕೂತಿದ್ದವರು ಮಾಸ್ತರರು ಒಬ್ಬರೇ. ನಾಟಕ ಮುಗಿದ ಮೇಲೆ ಒಳಗೆ ಬಂದು, “ಏನವ್ವಾ, ನಾ ಬರದದ್ದು ರಾಕೆಟ್ಟೋ, ಕಾಳಿನ ಅಂಗಡಿಯೋ?” ಎಂದು ಕೇಳಿದರು. ರೇಣವ್ವ ನನ್ನ ಕಡೆ ನೋಡಿದಳು. ನಾನು ಕೈಯಲ್ಲಿದ್ದ ನಾಟಕದ ಪುಸ್ತಕದ ಕಡೆ ನೋಡಿದೆ. ಆಕೆ, “ಬಾಯಿತಪ್ಪಿ ಬಂತ್ರೀ” ಎಂದಳು, ಅಷ್ಟೇ.

ಜನಕ್ಕೆ ಆ ಮಾತೇ ಬೇಕಾಗಿತ್ತು. ಮಾಲೀಕರು ಅದನ್ನು ತೆಗೆಯಲು ಬಿಡಲಿಲ್ಲ. ಚಂದ್ರನಿಗೂ ಮಂಗಳಕ್ಕೂ ನೌಕೆ ಲಾಭದಿಂದಲೇ ಎದ್ದಿತು. ಮಾಸ್ತರರು ಸೈರಿಸಿದರು. ಆದರೆ ಮೂರನೆಯ ಭಾಗ ಕೊಡುವಾಗ, ಕ್ಯಾಪ್ಟನ್ ಬದಲಾದರೆ ಮಾತ್ರ ಕೊಡುತ್ತೇನೆ ಎಂದರು. ರೇಣವ್ವ ಕಂಪನಿ ಬಿಟ್ಟು ಇಳಕಲ್ಲಿನಲ್ಲಿ ಕುಪ್ಪಸ ಹೊಲಿಯಲು ಕುಳಿತಳು. ಹನುಮಪ್ಪನ ಭಕ್ತರನ್ನು ಶನಿ ಕಾಡುವುದಿಲ್ಲವೆಂದು ಶನಿಯ ನಾಟಕವನ್ನು ಹನುಮಪ್ಪನ ಗುಡಿಯ ಊರಾದ ತುಳಸಿಗೇರಿಯಲ್ಲಿ ಶುರು ಮಾಡಿದೆವು. ರೇಣವ್ವನಿಲ್ಲದ ನೌಕೆಯನ್ನು ಹನುಮಪ್ಪನಿಂದಲೂ ಎತ್ತಲಾಗಲಿಲ್ಲ. ನಾನು ಆಗಲೂ ಬಾಯಿ ಬಿಡಲಿಲ್ಲ. ಊರವರ ಮಾತನ್ನೆಲ್ಲ ಸರಿಪಡಿಸುತ್ತಿದ್ದವನಿಗೆ ತನ್ನದೊಂದು ಮಾತು ಹೊರಡಲಿಲ್ಲ.

ಮೊನ್ನೆ ಮೊನ್ನೆ ಮಾಸ್ತರರ ಮೊಮ್ಮಗಳು ಸುನಂದಾ ಹಳೆಯ ಹಸ್ತಪ್ರತಿ ಹಿಡಿದು ನಮ್ಮ ಕಾಳಿನ ಅಂಗಡಿಗೆ ಬಂದಳು. ಮಾಸ್ತರರು ಈಗಿಲ್ಲ. ಈಕೆ ‘ಮಲಪ್ರಭಾ ನೌಕೆ’ಯನ್ನು ಹೊಸದಾಗಿ ದೊಡ್ಡ ಪರದೆಗೆ ತರುತ್ತಿದ್ದಳು. ಬಾದಾಮಿಯ ಕೆಂಪು ಬಂಡೆಗಳಲ್ಲಿ ಮಂಗಳನ ಚಿತ್ರೀಕರಣ ಮುಗಿದಿತ್ತು, ಗಗನಯಾತ್ರಿಯ ಒಂದು ಹೆಲ್ಮೆಟ್ಟು ಅಲ್ಲಿನ ಮಂಗನ ಪಾಲಾಗಿತ್ತು. ಉಡಾವಣೆಯ ದೃಶ್ಯವೊಂದು ಬಾಕಿ. ಆ ಪುಟದ ಅಂಚಿನಲ್ಲಿ ಮಾಸ್ತರರು ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಈ ಮಾತು ಕೆಡಿಸಿದವಳು ರೇಣವ್ವ.’

“ಕಾಕಾ, ಅಜ್ಜ ಬರದಂಗ ‘ಒಂದು’ ಅಂತನ ಇಡ್ತೇನಿ. ಮಂದಿ ನಕ್ಕದ್ದು ಅವ್ರಿಗೆ ಕಡೀತನಾ ಚುಚ್ಚಿತ್ರಿ” ಎಂದಳು.

ಅಳೆಯುತ್ತಿದ್ದ ಶೇರನ್ನು ಕೆಳಗಿಟ್ಟೆ. “ರೇಣಕ್ಕ ಕೆಡಿಸಲಿಲ್ಲ ತಂಗಿ. ಹೇಳಿಕೊಟ್ಟವ ನಾ” ಎಂದೆ. ನಡೆದದ್ದನ್ನೆಲ್ಲ ಹೇಳಿದೆ.

“ಇಷ್ಟ ವರ್ಷ ಯಾಕ ಹೇಳಲಿಲ್ರಿ?”

“ಯಾರೂ ಕೇಳಲಿಲ್ಲ.”

ಮಾತು ನಿಜವಾಗಿಯೇ ಇತ್ತು, ಉತ್ತರ ಮಾತ್ರ ಆಗಿರಲಿಲ್ಲ. ಆಕೆ ಹಸ್ತಪ್ರತಿ ಮುಚ್ಚಿಕೊಂಡು ಹೋದಳು.

ಬಾಗಲಕೋಟೆಯಲ್ಲಿ ಸಿನಿಮಾದ ಮೊದಲ ದಿನದ ಬೆಳಗಿನ ಆಟಕ್ಕೆ ಸುನಂದಾಳಿಂದ ಕರೆ ಬಂತು. ಹೋದರೆ, ನನ್ನ ಪಕ್ಕದ ಕುರ್ಚಿಯಲ್ಲಿ ಇಳಕಲ್ ಸೀರೆ ಉಟ್ಟು ರೇಣವ್ವ ಕೂತಿದ್ದಳು. ಎಪ್ಪತ್ತು ದಾಟಿದ್ದರೂ ಬೆನ್ನು ಕ್ಯಾಪ್ಟನ್ನಿನದೇ.

“ಲೇ ಮಾಬೂ, ಇವತ್ತರ ತುಟಿ ಅಲ್ಲಾಡಿಸದ ಕೂಡ್ತಿಯೋ ಇಲ್ಲೋ?” ಎಂದಳು. ಹೊಸ ಕ್ಯಾಪ್ಟನ್ ನೌಕೆಯ ಹಿಡಿಕೆ ಎಳೆದಾಗ, “ನೋಡಲ್ಲಿ, ಟ್ರ್ಯಾಕ್ಟರ್ ಹೊಡದಂಗ ಹೊಡಿತಾಳ. ಆದರೂ ಹುಡುಗಿ ಚಲೋ ಅದಾಳ ಬಿಡು” ಎಂದಳು.

ಎಣಿಕೆ ಶುರುವಾಯಿತು. ಹತ್ತು, ಒಂಬತ್ತು. ನನ್ನ ಬೆರಳುಗಳು ಕುರ್ಚಿಯ ಕೈ ಹಿಡಿದಿದ್ದವು. ಮೂರು. ಎರಡು. ಪರದೆಯ ಮೇಲಿನ ಹುಡುಗಿ ಕೈ ಎತ್ತಿ ಸುಮ್ಮನೆ ನಿಂತಳು. ಸದ್ದಿಲ್ಲ, ಸಂಗೀತವೂ ಇಲ್ಲ. ಯಂತ್ರ ಕೆಟ್ಟಿತು ಎಂದುಕೊಂಡೆ. ಪ್ರಾಂಪ್ಟರ್ ಆದವನಿಗೆ ಮೌನವೆಂದರೆ ಮನೆಗೆ ಬೆಂಕಿ ಬಿದ್ದಂತೆ. ನನ್ನ ತುಟಿ ತಾನೇ ಅಲ್ಲಾಡಿತು.

“ಲಾಭ” ಎಂದು ಪಿಸುಗುಟ್ಟಿದೆ.

ರೇಣವ್ವ ಅಂದಿನಂತೆಯೇ ಅನುಮಾನಿಸಲಿಲ್ಲ. ಎದ್ದು ನಿಂತು, ಕೈ ಮೇಲೆತ್ತಿ, “ಲಾಭ!” ಎಂದಳು. ಹಿಂದಿನ ಸಾಲಿನ ಹಳಬರು “ಲಾಭ!” ಎಂದರು. ನಾಟಕವನ್ನು ಅಜ್ಜಂದಿರ ಬಾಯಲ್ಲಷ್ಟೇ ಕೇಳಿದ್ದವರು ಬಾಲ್ಕನಿಯಿಂದ “ಲಾಭ!” ಎಂದರು. ಪರದೆಯ ಮೇಲೆ ಬೆಂಕಿ ಚಿಮ್ಮಿತು. ನೌಕೆ ಮೋಡಗಳನ್ನು ದಾಟಿ ಏರಿತು. ಗಡಗಡಿಯ ಕಿರುಗುಟ್ಟುವಿಕೆ ಇಲ್ಲದೆ ಅದು ಏರಿದ್ದನ್ನು ನಾನು ಮೊದಲ ಸಲ ನೋಡಿದೆ. ಒನ್ಸ್ ಮೋರ್ ಕೂಗು ನಿಲ್ಲಲೇ ಇಲ್ಲ. ಕೊನೆಗೆ ಸುನಂದಾ ಆಪರೇಟರನ ಕೋಣೆಗೆ ಓಡಿಹೋಗಿ ಹೇಳಬೇಕಾಯಿತು. ರಾಕೆಟ್ಟು ಮತ್ತೆ ನೆಲಕ್ಕಿಳಿದು, ಮತ್ತೆ ಹಾರಿತು.

ಆಟ ಬಿಟ್ಟ ಮೇಲೆ ಸುನಂದಾ ನಮ್ಮ ಹತ್ತಿರ ಬಂದಳು. “ಅಜ್ಜನ ‘ಒಂದು’ ತಗದೆ, ನಿಮ್ಮ ‘ಲಾಭ’ ಹಾಕಲಿಲ್ಲ. ಸುಮ್ನ ಜಾಗಾ ಬಿಟ್ಟೆ, ಮಂದಿ ಏನ ಅಂತಾರ ನೋಡೂನು ಅಂತ” ಎಂದಳು. ಆಮೇಲೆ ಚೀಲದಿಂದ ಹಸ್ತಪ್ರತಿ ತೆಗೆದು, ಕೆಂಪು ಶಾಯಿಯ ಆ ಪುಟ ಬಿಡಿಸಿ, ಪೆನ್ನನ್ನು ನನ್ನ ಕೈಗೆ ಕೊಟ್ಟಳು.

ನಿಧಾನವಾಗಿ ಬರೆದೆ: ‘ಈ ತಪ್ಪು ರೇಣವ್ವನದಲ್ಲ, ನನ್ನದು.’ ರೇಣವ್ವ ಕನ್ನಡಕ ಏರಿಸಿ ಓದಿದಳು.

“ಇಷ್ಟ ಮಂದಿ ಎದ್ದ ನಿಂತ ಕೂಗಿದ ಮ್ಯಾಲೂ ತಪ್ಪ ಅಂತೀಯಲ್ಲೋ. ಅದನ್ನ ಹೊಡದ ಹಾಕು. ‘ಮಾತು’ ಅಂತ ಬರಿ.”

ಹೊಡೆದು ಹಾಕಿ, ‘ಮಾತು’ ಎಂದು ಬರೆದೆ.

“ಈಗ ‘ರೇಣವ್ವನದಲ್ಲ, ನನ್ನದು’ ಅನ್ನೂದನ್ನೂ ಹೊಡಿ. ‘ಇಬ್ಬರದು’ ಅಂತ ಬರಿ. ನಾ ಕೂಗಲಿಲ್ಲೇನು?”

ಅದನ್ನೂ ಬರೆದೆ. ಕಂಪನಿಯಲ್ಲಿದ್ದಷ್ಟು ದಿನ ನಾನು ಹೇಳಿಕೊಟ್ಟಿದ್ದನ್ನೆಲ್ಲ ಆಕೆ ನಂಬಿ ಹೇಳಿದ್ದಳು. ಅಂದು ಆಕೆ ಹೇಳಿಕೊಟ್ಟಳು, ನಾನು ಒಂದಕ್ಷರವೂ ತಪ್ಪದೆ ಬರೆದುಕೊಂಡೆ.