ಪಕ್ಕದ ಮನೆಗೆ ಕುಣಿಗಲ್ ದಾರಿ

ನಮ್ಮ ಮನೆಯ ದೇವರ ಗೂಡಿನಲ್ಲಿ ದೇವರಿಲ್ಲ, ವೈಫೈ ಪೆಟ್ಟಿಗೆ ಇದೆ. ಇಷ್ಟಕ್ಕೇ ನನ್ನನ್ನು ನಾಸ್ತಿಕರ ಗುಂಪಿಗೆ ಸೇರಿಸಬೇಡಿ. ಮರಳೂರಿನ ನಮ್ಮ ಮನೆ ಅಣ್ಣನಿಗೂ ನನಗೂ ಪಾಲಾದಾಗ, ಹಿರಿಯನೆಂದು ದೇವರೆಲ್ಲ ಅಣ್ಣನ ಕಡೆಗೆ ಹೋದರು. ಗೋಡೆಯೊಳಗೆ ಕಟ್ಟಿದ ಗೂಡನ್ನು ಕಿತ್ತುಕೊಂಡು ಹೋಗುವುದು ಹೇಗೆ? ಅದು ನನ್ನ ಪಾಲಿಗೆ ಉಳಿಯಿತು. ಖಾಲಿ ಗೂಡು ಕಂಡಾಗಲೆಲ್ಲ ನನ್ನ ಹೆಂಡತಿ ಸವಿತಾಳಿಗೆ ಕಸಿವಿಸಿ. ಹಬ್ಬದ ಬಣ್ಣದ ದೀಪಗಳಿಗೆಂದು ಅಮ್ಮ ಹಾಕಿಸಿದ್ದ ಪ್ಲಗ್ ಪಾಯಿಂಟೂ ಅಲ್ಲೇ ಇತ್ತು. ಇಂಟರ್‌ನೆಟ್ ಕಂಪನಿಯವರು ಬಂದು "ಪೆಟ್ಟಿಗೆ ಎಲ್ಲಿಡೋದು ಸಾರ್" ಎಂದಾಗ, ನಾನು ಬಾಯಿ ತೆರೆಯುವ ಮೊದಲೇ ಅವಳು ಗೂಡು ತೋರಿಸಿದಳು.

ಪೆಟ್ಟಿಗೆ ಒಳ್ಳೆಯ ಘಳಿಗೆಯಲ್ಲಿ ಗೂಡು ಸೇರಿತೆಂದು ಕಾಣುತ್ತದೆ, ಅದಕ್ಕೆ ದೇವರ ಮರ್ಯಾದೆಯೇ ಸಿಕ್ಕಿತು. ಆಯುಧಪೂಜೆಯಂದು ಅರಿಶಿನ ಕುಂಕುಮ ಬಿತ್ತು, ಆಂಟೆನಾ ಕಡ್ಡಿಗಳಿಗೆ ಸೇವಂತಿಗೆ ಹಾರ ಬಿತ್ತು. ಅಲ್ಲಿಗೆ ಬಿಟ್ಟಿದ್ದರೆ ಸರಿಯಿತ್ತು. ಧೂಳು ಕೂರಬಾರದೆಂದು ಸವಿತಾ ದಿನಾ ಗೂಡಿನ ಬಾಗಿಲು ಹಾಕತೊಡಗಿದಳು. ಆ ಬಾಗಿಲಿಗೆ ಅಪ್ಪ ಗುಬ್ಬಿಯ ಆಚಾರಿಯೊಬ್ಬರಿಂದ ಹಿತ್ತಾಳೆ ತಗಡು ಹೊಡೆಸಿದ್ದರು. ನಡುಮನೆಯ ಟಿವಿಯಲ್ಲಿ ಸೀರಿಯಲ್ಲಿನ ನಾಯಕಿ ಅಳಲು ಬಾಯಿ ತೆರೆದವಳು ತೆರೆದೇ ಇರುತ್ತಿದ್ದಳು. ಒಳಕೋಣೆಯಲ್ಲಿ ಮಗಳು ಸಿಂಚನಾಳ ಆಟದ ಯಂತ್ರ ನಿಂತಲ್ಲೇ ನಿಲ್ಲುತ್ತಿತ್ತು. ನಾನು ಕಂಪನಿಗೆ ಫೋನು ಮಾಡಿ, ಗ್ರಾಹಕರ ಹಕ್ಕುಗಳ ಬಗ್ಗೆ ಕ್ಲಾಸಿನಲ್ಲಿ ಹೇಳುವ ಪಾಠವನ್ನೆಲ್ಲ ಒಪ್ಪಿಸಿದೆ. ನಾನು ಹೈಸ್ಕೂಲಿನಲ್ಲಿ ಸಮಾಜ ಹೇಳಿಕೊಡುವವನು, ಮಾತಿಗೆ ಬರವಿಲ್ಲ. ಕೊನೆಗೊಂದು ದಿನ ಸಿಂಚನಾ ಬಂದು ಗೂಡಿನ ಬಾಗಿಲು ತೆರೆದಳು. ಒಳಕೋಣೆಯ ಆಟ ತಟ್ಟನೆ ಓಡಿತು. "ಅಪ್ಪ, ಹಿತ್ತಾಳೆ ಒಳಗೆ ಕೂಡಾಕಿದ್ರೆ ಸಿಗ್ನಲ್ ಎಲ್ಲಿಂದ ಬರ್ಬೇಕು" ಎಂದಳು. ಅಂದಿನಿಂದ ನಮ್ಮ ಮನೆಯ ಗೂಡಿಗೆ ಬಾಗಿಲಿಲ್ಲ.

ಈ ಅವಮಾನದ ನಂತರ ನಾನು ಹಟ ಹಿಡಿದು ವಿದ್ಯೆ ಕಲಿತೆ. ವಿಡಿಯೋ ನೋಡಿ ನೋಡಿ ಮನೆಯ ಜಾಲವನ್ನು ನಾನೇ ಹೆಣೆದೆ. ಟಿವಿಗೊಂದು ವೈರು, ಆಟದ ಯಂತ್ರಕ್ಕೊಂದು ವೈರು, ಮೊಬೈಲುಗಳಿಗೆ ಗಾಳಿ. ಗೋಡೆಗುಂಟ ಮೊಳೆ ಹೊಡೆದು ವೈರು ಎಳೆಯುವಾಗ ಹೆಬ್ಬೆರಳಿಗೂ ಒಂದೆರಡು ಪೆಟ್ಟು ಬಿತ್ತು, ಹೇಳಿಕೊಳ್ಳಲಿಲ್ಲ. ಇಷ್ಟಾದರೂ ಸಿಂಚನಾಳ ಮುಖದ ಗಂಟು ಬಿಚ್ಚಲಿಲ್ಲ. ಅವಳು ಆಡುತ್ತಿದ್ದುದು ಅಣ್ಣನ ಮಗ ತೇಜಸ್ ಜೊತೆ. ಒಂದೇ ಮನೆಯ ಎರಡು ಪಾಲು, ನಡುವೆ ಒಂದು ಗೋಡೆ; ಅವನು ಆಚೆ, ಇವಳು ಈಚೆ. ಅವರ ಮನೆಗೆ ಅವರದೇ ಇಂಟರ್‌ನೆಟ್, ನಮ್ಮ ಮನೆಗೆ ನಮ್ಮದೇ. ಇವಳು ಗುಂಡಿ ಒತ್ತಿದರೆ ಅದು ನಮ್ಮ ಬೀದಿಯ ಕಂಬ ಹತ್ತಿ, ಯಾವುದೋ ದೂರದೇಶದ ಯಂತ್ರವನ್ನು ಮುಟ್ಟಿ, ಅಲ್ಲಿಂದ ತಿರುಗಿ ಅಣ್ಣನ ಮನೆಯ ಕಂಬಕ್ಕೆ ಇಳಿದು ತೇಜಸ್‌ನ ಪರದೆ ಸೇರಬೇಕು. ಅಷ್ಟರಲ್ಲಿ ಅವನು ಸತ್ತು ಬದುಕಿ ಇನ್ನೊಂದು ಆಟ ಶುರು ಮಾಡಿರುತ್ತಿದ್ದ. ಅವನ "ಅಯ್ಯೋ" ಮಾತ್ರ ಗೋಡೆಯ ಮೂಲಕವೇ ಕೇಳುತ್ತಿತ್ತು, ಅದೂ ಪರದೆಗಿಂತ ಮೊದಲು.

ಹಿಂದೆ ರಾಜರ ಕಾಲದಲ್ಲಿ ಓಡಾಳುಗಳು ಅಂಚೆ ಒಯ್ಯುತ್ತಿದ್ದರೆಂದು ನಾನು ಪಾಠ ಮಾಡುತ್ತೇನೆ. ಒಬ್ಬ ಓಡಿ ಬಂದು ಇನ್ನೊಬ್ಬನ ಕೈಗೆ ಚೀಲ ದಾಟಿಸುತ್ತಿದ್ದ. ಆದರೆ ಅವರು ಕೂಡ ಪಕ್ಕದ ಮನೆಯ ಓಲೆಯನ್ನು ದೇಶ ಸುತ್ತಿಸಿ ತಂದಿರಲಾರರು. ಎಂಥ ಬುದ್ಧಿಗೇಡಿ ವ್ಯವಸ್ಥೆ ಎಂದು ನಗಲು ಹೊರಟವನು ಅರ್ಧದಲ್ಲೇ ನಿಲ್ಲಿಸಿದೆ. ಯಾಕೆಂದರೆ ಅಣ್ಣನ ಸುದ್ದಿ ನನಗೆ ಬರುತ್ತಿದ್ದುದೂ ಹೀಗೆಯೇ.

ಅಣ್ಣನಿಗೂ ನನಗೂ ಮಾತು ನಿಂತಿತ್ತು. ಕಾರಣ ಆಸ್ತಿಯಲ್ಲ. ಗುಬ್ಬಿ ಕಡೆಯ ತೋಟವನ್ನು ನಗುನಗುತ್ತಲೇ ಹಂಚಿಕೊಂಡಿದ್ದೆವು. ಕಾರಣ ಒಂದು ತೆಂಗಿನಮರ. ಅಮ್ಮ ಸೊಸೆಯಾಗಿ ಬಂದ ಹೊಸದರಲ್ಲಿ ನೆಟ್ಟದ್ದು, ಪಾಲಿನಲ್ಲಿ ಅಣ್ಣನ ಅಂಗಳಕ್ಕೆ ಹೋಗಿತ್ತು. ಕಾರಿನ ಮೇಲೆ ಗರಿ ಬೀಳುತ್ತದೆಂದು ಅಣ್ಣ ಅದನ್ನು ಕಡಿಸಿಬಿಟ್ಟ. ನಾನು ಸ್ಕೂಲು ಮುಗಿಸಿ ಬರುವಷ್ಟರಲ್ಲಿ ಬುಡ ಮಾತ್ರ ಇತ್ತು. ನಮ್ಮ ಸೀಮೆಯಲ್ಲಿ ಫಲ ಬಿಡುವ ತೆಂಗಿನಮರಕ್ಕೆ ಕೊಡಲಿ ಹಾಕುವುದೆಂದರೆ ಮನೆಮಗನ ಮೇಲೆ ಕೈ ಮಾಡಿದ ಹಾಗೆ. ಮರ ಅವನದೇ, ಒಪ್ಪಿದೆ. ಒಂದು ಮಾತು ಕೇಳಬಹುದಿತ್ತಲ್ಲ? ಆ ಒಂದು ಮಾತಿಗಾಗಿ ನಾನು ಉಳಿದೆಲ್ಲ ಮಾತು ಬಿಟ್ಟೆ. ಅವನೂ ಬಿಟ್ಟ.

ಹಾಗೆಂದು ಸುದ್ದಿಗೇನೂ ಕೊರತೆಯಿರಲಿಲ್ಲ. ಕುಣಿಗಲ್ಲಿನಲ್ಲಿ ನಮ್ಮ ಅಕ್ಕ ಇದ್ದಾಳೆ, ನಮ್ಮಿಬ್ಬರಿಗೂ ದೊಡ್ಡವಳು. ಅಣ್ಣ ಅಕ್ಕನಿಗೆ ಫೋನು ಮಾಡುತ್ತಾನೆ, ಅಕ್ಕ ನನಗೆ ಮಾಡುತ್ತಾಳೆ. ಅಣ್ಣನಿಗೆ ಶುಗರ್ ಬಂದದ್ದು ನನಗೆ ಕುಣಿಗಲ್ ಮೂಲಕ ತಿಳಿಯಿತು. ಅವನು ಗೋಡೆಯಾಚೆ ಕೆಮ್ಮುವುದು ನನಗೆ ನೇರವಾಗಿ ಕೇಳುತ್ತಿತ್ತು, ಆದರೆ ಅದು ಕಫವೋ ಒಣಕೆಮ್ಮೋ ಎಂಬುದು ಕುಣಿಗಲ್ಲಿಂದ ಬರಬೇಕಿತ್ತು. ಅಕ್ಕ ಸಿಗ್ನಲ್ ಸಿಗದ ಮಾರ್ಕೋನಹಳ್ಳಿಯ ಬೀಗರ ಮನೆಗೆ ಹೋದ ವಾರವಂತೂ ನಮ್ಮ ಸಂಪರ್ಕವೇ ಕಡಿದುಹೋಗುತ್ತಿತ್ತು.

ಮಕ್ಕಳ ಆಟಕ್ಕೆ ಪರಿಹಾರ ಸುಲಭವಿತ್ತು. ನಮ್ಮ ಪೆಟ್ಟಿಗೆಯಿಂದ ಒಂದು ವೈರು ಗೂಡಿನ ಹಿಂಗೋಡೆ ದಾಟಿ ತೇಜಸ್‌ನ ಯಂತ್ರಕ್ಕೆ ಹೋದರೆ ಮುಗಿಯಿತು. ಆಟ ಬೀದಿಗೇ ಇಳಿಯಬೇಕಿಲ್ಲ. ಆದರೆ ಗೋಡೆ ತೂತು ಮಾಡಬೇಕು.

"ನಮ್ ಕಡೆಯಿಂದ ಸುಮ್ನೆ ಡ್ರಿಲ್ ಹೊಡ್ದುಬುಡಿ" ಎಂದಳು ಸವಿತಾ. "ಆ ಕಡೆ ತೇಜು ವೈರ್ ಎಳ್ಕೋತಾನೆ. ಯಾರಿಗ್ ಗೊತ್ತಾಗುತ್ತೆ?"

ನಾನು ಡ್ರಿಲ್ ಎರವಲು ತಂದು ಗೂಡಿನ ಮುಂದೆ ನಿಂತದ್ದು ನಿಜ. ನಿಂತಾಗ ಹೊಳೆಯಿತು. ಇಬ್ಬರಿಗೂ ಸೇರಿದ ಗೋಡೆಯನ್ನು ಕೇಳದೆ ಕೊರೆದರೆ, ಕೇಳದೆ ಮರ ಕಡಿಸಿದವನನ್ನು ದೂರಲು ನನಗೇನು ಹಕ್ಕು? ಇಷ್ಟು ವರ್ಷ ಜೋಪಾನ ಮಾಡಿದ ಕೋಪ ಒಂದು ಡ್ರಿಲ್ಲಿಗೆ ಹಾಳಾಗುತ್ತದಲ್ಲ ಎಂದು ಮರುಗಿದೆ. ಅದಕ್ಕಿಂತ ಹೆಚ್ಚಾಗಿ ಹೆದರಿದೆ. ಹೋಗಿ ಕೇಳಿ, ಅವನು ಆಗದು ಎಂದುಬಿಟ್ಟರೆ? ಈಗ ನಿಂತಿರುವ ಮಾತು ಆಗ ಸತ್ತೇ ಹೋಗುತ್ತದೆ. ಕೇಳಬೇಕೆಂದು ಹೊರಟು ಚಪ್ಪಲಿ ಮೆಟ್ಟುವುದು, ತರಕಾರಿ ತಂದು ವಾಪಸಾಗುವುದು. ನಮ್ಮ ಅಡಿಗೆಮನೆಯಲ್ಲಿ ಹೀಗೆ ಬದನೆಕಾಯಿ ರಾಶಿಯಾಯಿತು.

ಒಂದು ಭಾನುವಾರ ಬೆಳಿಗ್ಗೆ ಹೋದೆ. ಅಣ್ಣ ಜಗುಲಿಯಲ್ಲಿ ಪೇಪರ್ ಓದುತ್ತಿದ್ದ, ಪೇಪರನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದ. ಕಣ್ಣು ಮಂಜಾಗಿರುವ ವಿಷಯ ಕುಣಿಗಲ್ಲಿಂದ ಇನ್ನೂ ನನಗೆ ತಲುಪಿರಲಿಲ್ಲ. ಜಾಲ, ವೈರು, ವೇಗ ಎಂದು ನಾನು ಕಟ್ಟಿಕೊಂಡು ಹೋದ ಭಾಷಣವೆಲ್ಲ ಮರೆತುಹೋಯಿತು.

"ಅಣ್ಣ, ಗೋಡೆಗೊಂದು ತೂತು ಹೊಡೀಬೇಕು. ಮಕ್ಳಾಟಕ್ಕೆ. ಕೇಳಾಣ ಅಂತ ಬಂದೆ" ಎಂದೆ.

ಅಣ್ಣ ಪೇಪರ್ ಮಡಿಚಿದ. "ಎಷ್ಟ್ ಗಾತ್ರ?"

"ಕಿರುಬೆರಳಷ್ಟು."

ಅಣ್ಣ ಅಂಗಳದಲ್ಲಿ ಕಾರು ನಿಂತ ಕಡೆ ನೋಡಿದ. "ಅಮ್ಮನ ಮರ ಕಡಿಸ್ಬೇಕಾದ್ರೆ ನಿನ್ನ ಒಂದ್ ಮಾತು ಕೇಳ್ಲಿಲ್ಲ ಕಣೋ ಮಂಜ. ನೀನು ಕಿರುಬೆರಳಷ್ಟು ತೂತ್ಗೆ ಬಂದು ಕೇಳ್ತಿದೀಯ" ಎಂದ. ಆಮೇಲೆ ದನಿ ತಗ್ಗಿಸಿ, "ಕಡ್ಸಿದ್ ದಿನ ನಾನೂ ಉಣ್ಲಿಲ್ಲ. ಅಕ್ಕ ಹೇಳ್ಲಿಲ್ವಾ?" ಎಂದು ಕೇಳಿದ.

ಹೇಳಿರಲಿಲ್ಲ. ಅಥವಾ ಅಕ್ಕ ಹೇಳಹೊರಟಾಗ ನಾನೇ ಫೋನು ಇಟ್ಟಿದ್ದೆನೇನೋ, ಆಗ ನನ್ನ ಸಿಟ್ಟು ಹಾಗಿತ್ತು. "ಕೂತ್ಕೋ, ನಿಂತೇ ಇದೀಯಲ್ಲ" ಎಂದ ಅಣ್ಣ. ಕೂತೆ. ಅತ್ತಿಗೆ ಕೇಳದೆಯೇ ಕಾಫಿ ತಂದರು.

ಮಧ್ಯಾಹ್ನ ಡ್ರಿಲ್ ಹೊಡೆದೆವು. ತೂತು ಹೋಗಿ ಬಿದ್ದದ್ದು ಅಣ್ಣನ ದೇವರ ಮಂಟಪದ ಪಕ್ಕಕ್ಕೆ. ನಮ್ಮ ಗೂಡಿನ ಬೆನ್ನಿಗೇ ಅವನೂ ದೇವರನ್ನು ಕೂರಿಸಿಕೊಂಡಿದ್ದ. ಹಳೆಯ ಜಾಗ ಬಿಟ್ಟು ದೂರ ಹೋಗಲು ಅವನಿಗೂ ಮನಸ್ಸು ಬಂದಿರಲಿಲ್ಲವೆಂದು ಕಾಣುತ್ತದೆ. ಈಗ ಅವನು ಗಂಟೆ ಬಾರಿಸಿದರೆ ನಮ್ಮ ಪೆಟ್ಟಿಗೆಯ ಬಳಿ ಕೇಳುತ್ತದೆ, ಊದುಬತ್ತಿಯ ಹೊಗೆ ಒಂದೆಳೆ ಈಚೆಗೂ ಬರುತ್ತದೆ. ಸಿಮೆಂಟು ಮೆತ್ತಲು ಹೋದರೆ ಅಣ್ಣ, "ಇರ್ಲಿ ಬುಡು, ನಾಳೆ ಇನ್ನೊಂದ್ ವೈರು ಬಂದ್ರೆ" ಎಂದ. ಇನ್ನೊಂದು ವೈರು ಬಂದಿಲ್ಲ. ಅಣ್ಣನ ದನಿ ಬರುತ್ತದೆ. ಬೆಳಿಗ್ಗೆ ಪೂಜೆ ಮುಗಿಸಿ ತೂತಿನ ಹತ್ತಿರ ಬಗ್ಗಿ, "ಎದ್ದೇನ್ಲಾ?" ಎನ್ನುತ್ತಾನೆ.

ಅಣ್ಣನ ಕಣ್ಣಿನ ಪೊರೆಗೆ ಆಪರೇಷನ್ ಆಯಿತು. ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಗ ಅಕ್ಕನ ಫೋನು ಬಂತು. "ಮಂಜ, ಅಣ್ಣಂಗೆ ಕಣ್ ಕಾಣಿಸ್ತಿಲ್ವಂತೆ ಕಣೋ, ತೋರಿಸ್ಬೇಕಂತೆ" ಎಂದಳು.

"ಆಪರೇಷನ್ನೇ ಆಯ್ತಕ್ಕ. ನಾನೇ ಕರ್ಕೊಂಡ್ ಬಂದಿದೀನಿ, ಪಕ್ಕದಲ್ಲೇ ಅವ್ನೆ."

ನಾನು ಅಕ್ಕ ಹಿಗ್ಗುತ್ತಾಳೆಂದುಕೊಂಡಿದ್ದೆ. "ಒಳ್ಳೇದಾಯ್ತು ಬುಡಪ್ಪ" ಎಂದಳು, ಎಷ್ಟು ಮೆಲ್ಲಗೆ ಎಂದರೆ ನಾನು ಫೋನನ್ನು ಕಿವಿಗೊತ್ತಿ ಹಿಡಿಯಬೇಕಾಯಿತು. ಜಾಲ ಹೆಣೆಯುವ ವಿಡಿಯೋಗಳಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನೇರ ದಾರಿ ಸಿಕ್ಕ ಮೇಲೆ, ಇಷ್ಟು ದಿನ ನಡುವೆ ನಿಂತು ಎರಡೂ ಕಡೆಯ ಮಾತು ದಾಟಿಸಿದವರು ಏನಾಗಬೇಕು? ಇಬ್ಬರ ಸಿಟ್ಟನ್ನೂ ಸೋಸಿ, ಕೆಮ್ಮು ಶುಗರುಗಳನ್ನು ಮಾತ್ರ ಮುಂದೆ ಕಳಿಸಿದ ಅಕ್ಕ, ಈಗ ಸುದ್ದಿಯಿಲ್ಲದೆ ಕೂತಿದ್ದಳು.

ಅಕ್ಕನ ದನಿ ಕುಗ್ಗಿದ್ದನ್ನು ಅಣ್ಣನಿಗೆ ಹೇಳಿದೆ. ಡಾಕ್ಟರು ಓಡಾಡಬಹುದು ಎಂದ ಮೇಲೆ ಬಂದ ಭಾನುವಾರ, ಅವನು ಕಪ್ಪು ಕನ್ನಡಕ ಹಾಕಿಕೊಂಡು ಹೊರಟ. ಕಾರು ಅವನದು, ಓಡಿಸಿದ್ದು ನಾನು. ಕುಣಿಗಲ್ ತಲುಪಿದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಒಬ್ಬರಾದ ಮೇಲೊಬ್ಬರು ಇಳಿಯುವುದನ್ನು ನೋಡಿದಳು.

"ಇಬ್ರೂ ಒಟ್ಗೇ ಬಂದ್ರಾ? ಇನ್ನ ಯಾರ್ ಸುದ್ದಿ ಯಾರಿಗ್ ಹೇಳ್ಲಪ್ಪ ನಾನು" ಎಂದಳು.

"ನಿನ್ ಸುದ್ದಿ ಹೇಳಕ್ಕ. ಅದನ್ನ ನಾವ್ ಇಬ್ರೂ ಯಾವತ್ತೂ ಕೇಳೇ ಇಲ್ಲ" ಎಂದ ಅಣ್ಣ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಮಂಡಿನೋವಿನಿಂದ ಶುರು ಮಾಡಿದಳು.