ಸೀಳುಬಂಡೆಯಲ್ಲಿ ಕೊಯ್ದ ಹಗ್ಗ

ಭೀಮನಬೀಡಿನ ಹಾಲಿನ ಡೈರಿಯ ಸೆಕ್ರೆಟರಿ ಶಿವಮೂರ್ತಿ ತನ್ನ ಹೆತ್ತ ತಾಯಿ ತಂದ ಹಾಲನ್ನೂ ಡಿಗ್ರಿ ನೋಡದೆ ಕ್ಯಾನಿಗೆ ಸುರಿದವನಲ್ಲ. ಹದಿನಾಲ್ಕು ವರ್ಷದಿಂದ ದಿನಕ್ಕೆರಡು ಹೊತ್ತು ಅದೇ ಕೆಲಸ. ಹಾಲಿಗೆ ನೀರು ಬೆರೆಸಿದವರ ಮುಖವೂ ಬೆರೆಸದವರ ಮುಖವೂ ಒಂದೇ ತರ ಇರುತ್ತದೆ ಎನ್ನುವುದು ಆ ಹದಿನಾಲ್ಕು ವರ್ಷದಲ್ಲಿ ಅವನು ಕಲಿತದ್ದು. ಹಾಗಾಗಿ ಮುಖ ನೋಡಿ ಯಾರನ್ನೂ ನಂಬುತ್ತಿರಲಿಲ್ಲ. ಊರವರು ಬೆನ್ನ ಹಿಂದೆ 'ಅನ್ಮಾನದ ಮೂರ್ತಿ' ಎನ್ನುತ್ತಿದ್ದರು. ಆ ಹೆಸರು ಮೊದಲು ಯಾರ ಬಾಯಿಂದ ಬಂತು ಎಂದು ಪತ್ತೆ ಮಾಡಲು ಅವನು ಒಂದು ವಾರ ಊರೆಲ್ಲ ಓಡಾಡಿದ್ದ.

ಇಂಥವನಿಗೂ ಇಬ್ಬರು ಗೆಳೆಯರಿದ್ದರು. ಚಾಮರಾಜನಗರದಲ್ಲಿ ಪಿಯುಸಿ ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಮಲಗಿದವರು. ಒಬ್ಬ ಉಮ್ಮತ್ತೂರಿನ ಸುಧಾಕರ್. ಕರೆಂಟಿನ ಇಲಾಖೆಯಲ್ಲಿ ಲೈನ್‌ಮ್ಯಾನ್, ಕಂಬ ಹತ್ತುವವನು, ಮಾತು ಕಡಿಮೆ. ಇನ್ನೊಬ್ಬ ಕಿರಣ್ ಕುಮಾರ್. ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು, ಎರಡು ದಿನ ಸುಮ್ಮನೆ ಕೂತರೆ ಜ್ವರ ಬರುವ ಜಾತಿ. ಈ ಕಿರಣ್ ಆ ವರ್ಷ ಯಾವುದೋ ತರಬೇತಿಗೆ ಹೋಗಿ, ಬೆಟ್ಟದ ಕೊರಕಲುಗಳಲ್ಲಿ ಹರಿಯುವ ನೀರಿನ ಜೊತೆಯಲ್ಲೇ ಹಗ್ಗ ಹಿಡಿದು ಇಳಿಯುವುದನ್ನು ಕಲಿತು ಬಂದಿದ್ದ. ಬರುವಾಗ ಒಂದು ಚೀಲದ ತುಂಬ ಹಗ್ಗ, ಸೊಂಟದ ಪಟ್ಟಿ, ಕೊಕ್ಕೆಗಳನ್ನೂ ತಂದಿದ್ದ. ಬೇಸಿಗೆಯಲ್ಲಿ ಎರಡು ಸಲ ಒಣಗಿದ ಕೊರಕಲುಗಳಲ್ಲಿ ಗೆಳೆಯರನ್ನು ಇಳಿಸಿ ಅಭ್ಯಾಸ ಮಾಡಿಸಿದ್ದ. ಶಿವಮೂರ್ತಿ ಹಗ್ಗವನ್ನು ಮೊಳ ಮೊಳವೂ ಬೆರಳಿನಿಂದ ಸವರಿ ನೋಡಿದ ಮೇಲೇ ಸೊಂಟಕ್ಕೆ ಪಟ್ಟಿ ಬಿಗಿದಿದ್ದು.

ಅಕ್ಟೋಬರಿನ ಒಂದು ಭಾನುವಾರ ಮೂವರೂ ಚಂದಕವಾಡಿ ದಾಟಿ ಗುಡ್ಡದ ಬುಡಕ್ಕೆ ಬೈಕಿನಲ್ಲಿ ಹೋದರು. ಅಲ್ಲಿ ಸೀಳುಬಂಡೆ ಎಂಬ ಕೊರಕಲು. ಎರಡು ಕಡೆಯೂ ಆಳೆತ್ತರದ ಹತ್ತು ಪಟ್ಟು ಕಲ್ಲುಗೋಡೆ, ನಡುವೆ ಎತ್ತಿನಗಾಡಿ ಹಿಡಿಸುವಷ್ಟು ಜಾಗ, ತಳದಲ್ಲಿ ಮೊಣಕಾಲುದ್ದದ ನೀರು. ಬಿಸಿಲು ಚುರುಕಾಗಿತ್ತು. ಕೊರಕಲಿನ ತಲೆಯ ಹತ್ತಿರ ಆಡು ಮೇಯಿಸುತ್ತಿದ್ದ ಮುದುಕನೊಬ್ಬ ಇವರ ಹಗ್ಗ, ಪಟ್ಟಿ ನೋಡಿ ಎದ್ದು ಬಂದ.

"ಎಲ್ಗ ಓದೀರಿ?"

"ಕೊರಕಲು ಇಳ್ದು ಆ ಕಡೆ ಬಯಲಿಗೆ ಓಯ್ತೀವಿ ತಾತ," ಅಂದ ಕಿರಣ್.

"ಇವತ್ ಬ್ಯಾಡ ಕಣ್ರಪ್ಪ. ಮ್ಯಾಲ ಬೆಟ್ಟದಲ್ಲಿ ಮಳ ಉಯ್ತಾ ಅದ. ಇಲ್ಲಿ ಬಿಸ್ಲು ಅಂತ ನಂಬ್ಕಬ್ಯಾಡಿ. ಇನ್ನೊಂದಿನ ಬನ್ನಿ."

ಮೂವರೂ ತಲೆ ಎತ್ತಿ ನೋಡಿದರು. ದೂರದ ಬೆಟ್ಟದ ನೆತ್ತಿಯಲ್ಲಿ ಒಂದಿಷ್ಟು ಕಪ್ಪು ಇತ್ತು, ಅಷ್ಟೇ. ಸುಧಾಕರ್ ಮೆಲ್ಲಗೆ, "ವಾಪಸ್ ಓಗನ ಕಣ್ಲಾ," ಅಂದ. ಆದರೆ ಶಿವಮೂರ್ತಿ ಬೆಟ್ಟವನ್ನು ನೋಡುತ್ತಿರಲಿಲ್ಲ. ಮುದುಕನ ಕಣ್ಣನ್ನು ನೋಡುತ್ತಿದ್ದ. ಆ ಕಣ್ಣು ಮಾತಾಡುವಾಗೆಲ್ಲ ಕೊರಕಲಿನ ಒಂದು ಮೂಲೆಗೆ ಹೋಗಿ ಹೋಗಿ ಬರುತ್ತಿತ್ತು.

ಮುದುಕನನ್ನು ದಾಟಿ ಬಂದ ಮೇಲೆ ಶಿವಮೂರ್ತಿ ಹೇಳಿದ: "ಅವ್ನು ಒಳಗೆ ಏನೋ ಬಚ್ಚಿಟ್ಟವ್ನೆ ಕಣ್ರೋ. ನಾವು ಇಳಿಯೋದು ಅವ್ನಿಗೆ ಬೇಡ. ಮಳೆ ಅನ್ನೋದೆಲ್ಲ ನೆಪ. ಇಂಥವ್ರನ್ನ ದಿನಾ ನೋಡ್ತೀನಿ ನಾನು."

ಕಿರಣ್‌ಗೆ ಬೇಕಾಗಿದ್ದೂ ಅದೇ ಮಾತು. ಸುಧಾಕರ್ ಇನ್ನೊಮ್ಮೆ ಬೆಟ್ಟದ ಕಡೆ ನೋಡಿದ. ಆಮೇಲೆ ಹಗ್ಗ ಹೆಗಲಿಗೆ ಹಾಕಿಕೊಂಡ.

ಮೊದಲಿನ ಎರಡು ಇಳಿಜಾರು ಸಲೀಸಾಗಿ ಮುಗಿದವು. ಮೂರನೆಯದು ದೊಡ್ಡದು, ಮೂವತ್ತು ಅಡಿಯ ಧುಮುಕು, ಕೆಳಗೆ ಮಡು. ಮೇಲುಗಡೆ ಬಂಡೆ ಸೀಳಿಕೊಂಡು ಬೆಳೆದ ಒಂದು ಅತ್ತಿಮರದ ಬೇರಿಗೆ ಕಿರಣ್ ಹಗ್ಗ ಬಿಗಿದು ಮೊದಲು ತಾನಿಳಿದ. ಆಮೇಲೆ ಶಿವಮೂರ್ತಿಯ ಸರದಿ. ಕೊನೆಗೆ ಇಳಿಯಬೇಕಾದ ಸುಧಾಕರ್ ತನ್ನ ಸೊಂಟದ ಕೊಕ್ಕೆಯನ್ನೂ ಅದೇ ಬೇರಿಗೆ ಸಿಕ್ಕಿಸಿಕೊಂಡು, ನೀರಿನ ಹಾದಿಯ ಪಕ್ಕದ ಎತ್ತರದ ಬಂಡೆಯ ಅಂಚಿನಲ್ಲಿ ನಿಂತಿದ್ದ.

ಶಿವಮೂರ್ತಿ ಅರ್ಧ ಇಳಿದಿದ್ದ. ಕಾಲಿನ ಪಕ್ಕ ಹರಿಯುತ್ತಿದ್ದ ನೀರಿನ ಬಣ್ಣ ಬದಲಾದದ್ದು ಮೊದಲು ಕಂಡಿತು. ತಿಳಿಯಾಗಿದ್ದದ್ದು ಚಹಾದ ಹಾಗೆ ಆಯಿತು. ಒಣಗಿದ ಎಲೆ, ಕಡ್ಡಿ, ಆಡಿನ ಹಿಕ್ಕೆ ಬಂದವು. ಹಸಿ ಮಣ್ಣಿನ ವಾಸನೆ ಬಂತು. ಮೇಲೆ ಆಕಾಶ ನೀಲಿಯಾಗಿಯೇ ಇತ್ತು. ಇದೇನಿದು ಅಂದುಕೊಳ್ಳುವಷ್ಟರಲ್ಲಿ ಕಲ್ಲಿಗೆ ಕಲ್ಲು ಬಡಿಯುವ ಸದ್ದು ಕೊರಕಲಿನ ಉದ್ದಕ್ಕೂ ಉರುಳಿ ಬಂತು. ಅದರ ಹಿಂದೆಯೇ ನೀರು.

ನೀರು ಅವನ ನೆತ್ತಿಯ ಮೇಲೆ ಬಿತ್ತು. ಹಗ್ಗ ಸೊಂಟದ ಕೊಕ್ಕೆಯಲ್ಲಿ ಕಚ್ಚಿಕೊಂಡು ಮೇಲೂ ಹೋಗದು, ಕೆಳಗೂ ಬಿಡದು. ಬಾಯಿ ತೆರೆದರೆ ಮಣ್ಣುನೀರು. ಕೈ ಎಲ್ಲಿದೆ, ಕಾಲು ಎಲ್ಲಿದೆ ತಿಳಿಯಲಿಲ್ಲ. ಎದೆಯೊಳಗೆ ಬೆಂಕಿ ಹೊತ್ತಿದಂತಾಯಿತು. ಮನೆಯಲ್ಲಿ ಹೆಂಡತಿ ಚೈತ್ರ ಒಗೆದು ಹರವಿದ್ದ ಸೀರೆ ಕಣ್ಣಿಗೆ ಬಂತು, ಯಾಕೆಂದು ಅವನಿಗೆ ಈಗಲೂ ಗೊತ್ತಿಲ್ಲ. ಅಷ್ಟರಲ್ಲಿ ಹಗ್ಗ ಸಡಿಲವಾಯಿತು. ಅವನು ಬಿದ್ದ.

ಮಡುವಿನಲ್ಲಿ ಒಂದೆರಡು ಸುತ್ತು ತಿರುಗಿದ್ದು, ಎಡಗಾಲು ಬಂಡೆಗೆ ಬಡಿದದ್ದು, ಯಾರೋ ಕತ್ತುಪಟ್ಟಿ ಹಿಡಿದು ಎಳೆದದ್ದು, ಇಷ್ಟು ನೆನಪು. ಎಳೆದವನು ಕಿರಣ್. ನೀರಿಗಿಂತ ಒಂದಾಳು ಎತ್ತರದ ಚಾಚುಬಂಡೆಯ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂತರು. ಎರಡು ಗಂಟೆ ಹೊತ್ತು ಕೆಂಪು ನೀರು ಮರದ ದಿಮ್ಮಿಗಳನ್ನು ಹೊತ್ತು ಹೋಯಿತು. ಆಮೇಲೆ, ಬಂದ ಹಾಗೆಯೇ ಇಳಿಯಿತು. ಆಡಿನ ಮುದುಕ ಊರವರನ್ನು ಕರೆತಂದು ಇವರನ್ನು ಮೇಲೆತ್ತಿಸಿದ. ಮೇಲಿದ್ದ ಸುಧಾಕರ್‌ಗೆ ಅಂಗೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಚಾಮರಾಜನಗರದ ಆಸ್ಪತ್ರೆಯಲ್ಲಿ ಶಿವಮೂರ್ತಿಯ ಕಾಲಿಗೆ ಪ್ಲಾಸ್ಟರ್ ಹಾಕಿದರು. ಹೇಗಾಯಿತು ಎಂದು ಕೇಳಿದವರಿಗೆಲ್ಲ ಸುಧಾಕರ್, "ಹಗ್ಗ ಕಿತ್ತೋಯ್ತು," ಅನ್ನುತ್ತಿದ್ದ. ಶಿವಮೂರ್ತಿ ಮಲಗಿಕೊಂಡೇ ಅದನ್ನು ಮೂರು ಸಲ ಕೇಳಿಸಿಕೊಂಡ. ಮೂರು ಸಲವೂ ಅದೇ ಎರಡು ಮಾತು, ಅದೇ ಧ್ವನಿ, ಕಣ್ಣು ನೆಲದ ಮೇಲೆ.

ಮರುದಿನ ಕಿರಣ್ ಸಾಮಾನಿನ ಚೀಲ ತಂದು ಮಂಚದ ಕೆಳಗಿಟ್ಟು ಹೋದ. ಚೈತ್ರ ಕಾಫಿ ತರಲು ಹೊರಗೆ ಹೋದಾಗ ಶಿವಮೂರ್ತಿ ಬಗ್ಗಿ ಹಗ್ಗ ಎಳೆದು ಅದರ ತುದಿ ಹುಡುಕಿದ. ಕಲ್ಲಿಗೆ ಉಜ್ಜಿ ಕಿತ್ತ ಹಗ್ಗ ನಾರು ನಾರಾಗಿ ಕೆದರಿಕೊಂಡಿರುತ್ತದೆ, ಇದು ಬಾಳೆದಿಂಡು ಕೊಯ್ದ ಹಾಗಿತ್ತು. ಲೈನ್‌ಮ್ಯಾನ್ ಸುಧಾಕರನ ಸೊಂಟದಲ್ಲಿ ಚಾಕು ಇಲ್ಲದ ದಿನವನ್ನು ಅವನು ಕಂಡಿರಲಿಲ್ಲ.

ಅಲ್ಲಿಂದ ಶುರುವಾಯಿತು. ಮನೆಗೆ ಬಂದು ಕಾಲು ಚಾಚಿ ಕೂತವನಿಗೆ ಬೇರೆ ಕೆಲಸವಿರಲಿಲ್ಲ. ಸುಧಾಕರ್ ಯಾಕೆ ಮನೆಗೆ ಬರುತ್ತಿಲ್ಲ? ಫೋನ್ ಮಾಡಿದರೆ, "ಲೈನ್ ಮೇಲವ್ನಿ, ಆಮೇಲೆ ಮಾಡ್ತೀನಿ," ಅಂತಾನೆ, ಮಾಡುವುದಿಲ್ಲ. ಅವನು ಕೊನೆಗೆ ಇಳಿಯುತ್ತೇನೆ ಅಂದದ್ದು ಯಾಕೆ? ಕಿರಣ್ ಹಗ್ಗದ ತುದಿ ನೋಡಿಲ್ಲವೇ? ನೋಡಿದ್ದರೆ ಯಾಕೆ ಬಾಯಿ ಬಿಡಲಿಲ್ಲ? ಇಬ್ಬರೂ ಮಾತಾಡಿಕೊಂಡಿದ್ದಾರೆಯೇ? ಕಿರಣ್ ಹಣ್ಣು ಹಿಡಿದು ಬಂದಾಗ ಶಿವಮೂರ್ತಿ ಸುಮ್ಮನೆ ಕೇಳಿದ: "ಹಗ್ಗ ಹಳೇದಾ?"

"ಇಲ್ಲ ಕಣ್ಲಾ, ಹೊಸದು. ಚೂಪು ಕಲ್ಲಿಗೆ ಸಿಕ್ಕಿರ್ಬೇಕು," ಅಂದ ಕಿರಣ್. ಅಂದವನು ಕಿಟಕಿ ಆಚೆ ನೋಡಿದ. ಅಷ್ಟು ಸಾಕಾಯಿತು.

ಚೈತ್ರ ಗಮನಿಸುತ್ತಿದ್ದಳು. ಗಂಡ ಹಗ್ಗದ ತುಂಡನ್ನು ದಿಂಬಿನ ಕೆಳಗೆ ಮಡಗಿಕೊಂಡಿದ್ದೂ ಅವಳಿಗೆ ಗೊತ್ತಿತ್ತು. "ಒಂದ್ ಸತಿ ಕೇಳ್ಬುಡಿ ಅವ್ರನ್ನೇ," ಅಂದಳು.

"ಕೇಳಿದ್ರೆ ಇನ್ನೊಂದು ಸುಳ್ಳು ಏಳ್ತಾನೆ."

"ಕೇಳ್ದೆ ಇದ್ರೆ ನೀವೇ ಏಳ್ಕತೀರಿ."

ಪ್ಲಾಸ್ಟರ್ ಬಿಚ್ಚಿ, ಕಾಲು ಕುಂಟುವುದು ಕಡಿಮೆಯಾಗುವ ಹೊತ್ತಿಗೆ ಜನವರಿ ಬಂತು. ಶಿವಮೂರ್ತಿ ಸುಧಾಕರನ ಹತ್ತಿರ ಹೋಗಲಿಲ್ಲ. ಸಾಕ್ಷಿ ಹುಡುಕಿಕೊಂಡು ಚಂದಕವಾಡಿಯ ಬಸ್ಸು ಹತ್ತಿದ. ಆಡಿನ ಮುದುಕನ ಹೆಸರು ದೊಡ್ಡಬೀರಯ್ಯ ಎಂದು ಊರಲ್ಲಿ ಹೇಳಿದರು. ಹಟ್ಟಿಯ ಮುಂದೆ ಕೂತಿದ್ದವನು ಇವನನ್ನು ಗುರುತು ಹಿಡಿದರೂ ಹತ್ತಿರ ಕರೆಯಲಿಲ್ಲ.

"ಯಾತಕ್ ಬಂದಿರಿ? ಪೊಲೀಸ್ನೋರ್ ಕಳ್ಸುದ್ರಾ?"

"ಇಲ್ಲ ಅಯ್ಯ. ನಮ್ ಪ್ರಾಣ ಉಳ್ಸಿದ್ರಿ. ನೋಡ್ಕಂಡು ಓಗನ ಅಂತ ಬಂದೆ."

"ನೋಡಕ್ಕ ಬಂದೋನು ಹಂಗ ಕಣ್ ಕಿಸ್ದು ನೋಡ್ತಾ ಇರಾಕಿಲ್ಲ. ಏನ್ ಬೇಕು ಏಳು."

ಶಿವಮೂರ್ತಿ ಕೇಳಿಯೇಬಿಟ್ಟ. ಆವತ್ತು ಬಂಡೆಯ ಮೇಲೆ ಏನಾಯಿತು, ನೀವು ಕಂಡಿರಾ?

ದೊಡ್ಡಬೀರಯ್ಯ ಎಲೆ ಮಡಿಸಿ ಬಾಯಿಗಿಟ್ಟು ಬಹಳ ಹೊತ್ತು ಜಗಿದ. "ನೀರ್ ಸದ್ದು ಕೇಳಿ ದಡದ ಮ್ಯಾಲ ಓಡ್ ಬಂದಿ. ನೀ ನೀರೊಳಗ ನೇತಾಡ್ತಿದ್ದ. ತಲ ಕಾಣ್ತಿರ್ನಿಲ್ಲ, ಬರೀ ಕಾಲು ಒದರಾಡ್ತಿತ್ತು. ಇನ್ ನಾಕ್ ಗಳ್ಗ ಹಂಗೇ ಇದ್ದಿದ್ರ ಕಾಲೂ ನಿಲ್ತಿತ್ತು. ಆ ಹಗ್ಗ ಉಳ್ಸೋ ಹಗ್ಗ ಅಲ್ಲ, ನೇಣು ಅಂತ ನಂಗ ಕಾಣ್ತು. ಕುಯ್ಲಾ, ಹಗ್ಗ ಕುಯ್ಲಾ ಅಂತ ಕೂಗ್ದಿ. ಅವ್ನ್ಗ ಕೇಳುಸ್ತೋ ಇಲ್ವೋ ಕಾಣಿ. ಚಾಕು ತಗ್ದ. ಮಡಗ್ದ. ತಿರ್ಗಾ ತಗ್ದ. ಅತ್ತಿ ಬೇರು ಅಲ್ಲಾಡ್ತಾ ಇತ್ತು, ಅವ್ನೂ ಅದ್ಕೇ ಸಿಕ್ಕಾಕಂಡಿದ್ದ. ಆಮ್ಯಾಲ ಕುಯ್ದ."

"ಬೇರು ಕಿತ್ತು ಬತ್ತದೆ ಅಂತ ಕುಯ್ದ್ನಾ? ನನ್ನ ಬುಡ್ಸಕ್ಕೆ ಕುಯ್ದ್ನಾ?"

"ಅವ್ನ್ ಎದ ಒಳಗ ನಾನ್ ಕುಂತಿದ್ನಾ?"

ಮುದುಕ ತಾನಾಗಿಯೇ ಅಂದ: "ಅವತ್ ನೀನು ನನ್ನ ನಂಬ್ನಿಲ್ಲ, ಕಂಡಿ ನಾನು. ನೀ ಅನ್ಕಂಡದ್ದು ಪೂರಾ ತಪ್ಪಲ್ಲ. ಒಳಗ ಒಂದ್ ಹೆಜ್ಜೇನು ಕಟ್ಟಿತ್ತು, ನಾನ್ ಎರಡ್ ತಿಂಗ್ಳಿಂದ ಕಾಯ್ಕಂಡಿದ್ದಿ. ಪೇಟೆ ಜನ ಕಂಡ್ರ ಉಳ್ಸಾರ ಅಂತ ಇತ್ತು. ಮಳಾನೂ ದಿಟ, ಜೇನೂ ದಿಟ."

ಅಲ್ಲಿಂದ ಚಾಮರಾಜನಗರಕ್ಕೆ ಬಂದು ಉಮ್ಮತ್ತೂರಿನ ಬಸ್ಸು ಹಿಡಿದಾಗ ಮಧ್ಯಾಹ್ನ ಎರಡಾಗಿತ್ತು. ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಶಿವಮೂರ್ತಿ ಕೇಳಬೇಕಾದ ಪ್ರಶ್ನೆಗಳನ್ನು ಸಾಲಾಗಿ ಜೋಡಿಸಿಕೊಂಡ. ಮುದುಕನೂ ಸುಧಾಕರನೂ ಮೊದಲೇ ಮಾತಾಡಿಕೊಂಡಿರಬಹುದೇ ಎಂಬ ಯೋಚನೆಯೂ ಒಂದು ಗಳಿಗೆ ಬಂತು. ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಸುಧಾಕರ್ ಮನೆಯಲ್ಲಿದ್ದ. ಇವನನ್ನು ಕಂಡವನೇ ಬೈಕ್ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟು ನಿಂತ. ಅವನ ತಾಯಿ ಪುಟ್ಟಿ ಒಳಗಿಂದ, "ಬಾ ಮಗ, ಕಾಲು ಹೆಂಗದ?" ಅಂದಳು. ಇಬ್ಬರೂ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತರು. ಜೋಡಿಸಿಕೊಂಡ ಪ್ರಶ್ನೆಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಕಿತ್ತೋಯ್ತು ಅಂದ್ಯಲ್ಲ ಆಸ್ಪತ್ರೇಲಿ," ಅಂದ ಶಿವಮೂರ್ತಿ.

"ಅಂದೆ."

"ಯಾಕೆ?"

"ಕುಯ್ದೆ ಅಂದಿದ್ರೆ ಯಾಕ್ ಕುಯ್ದೆ ಅಂತ ಕೇಳ್ತಿದ್ದೆ ನೀನು. ಅದ್ಕೆ ಜವಾಬು ನನ್ ತಾವ ಇರ್ನಿಲ್ಲ." ಸುಧಾಕರ್ ಅಂಗೈ ಬಿಚ್ಚಿ ಮಾಸುತ್ತಿದ್ದ ಗಾಯ ನೋಡಿಕೊಂಡ. "ಈಗ್ಲೂ ಇಲ್ಲ. ನೀ ನೀರೊಳಗಿದ್ದೆ. ಬೇರು ಕಿತ್ತು ಬತ್ತಿತ್ತು. ಎರಡೂ ಒಂದೇ ಸತಿ ಕಾಣ್ತು. ಕಿರಣ ಮೊದ್ಲೇ ಏಳ್ಕೊಟ್ಟಿದ್ದ, ಆಳು ನೀರೊಳಗೆ ಸಿಕ್ಕಾಕಂಡ್ರೆ ಹಗ್ಗ ಕುಯ್ದ್‌ಬುಡಿ ಅಂತ. ಆ ಮಾತು ಆವಾಗ ನೆನಪಾಯ್ತೋ, ಕುಯ್ದ ಮೇಲೆ ನೆನಪಾಯ್ತೋ. ನಿನ್ನ ನೋಡ್ಕಂಡು ಕುಯ್ದ್ನೋ, ಬೇರ ನೋಡ್ಕಂಡು ಕುಯ್ದ್ನೋ. ದಿನಾ ಕಂಬದ ಮೇಲೆ ನಿಂತ್ಕಂಡು ಇದ್ನೇ ಕೇಳ್ಕತೀನಿ ಕಣ್ಲಾ. ಅದ್ಕೇ ನಿನ್ ಮನೆ ಕಡೆ ಬರಕ್ಕಾಗ್ನಿಲ್ಲ."

"ಕಿರಣ್‌ಗೆ ಗೊತ್ತಾ?"

"ಗೊತ್ತು. ಏಳ್ಬೇಡ ಅಂದಿದ್ದೆ. ನಾನೇ ಏಳ್ತೀನಿ ಅಂದಿದ್ದೆ."

ಹಿತ್ತಲಿನ ನುಗ್ಗೆಮರದಲ್ಲಿ ಅಳಿಲು ಕೂಗುತ್ತಿತ್ತು. ಹದಿನಾಲ್ಕು ವರ್ಷ ಜನರ ಮುಖ ನೋಡಿದ್ದ ಶಿವಮೂರ್ತಿ, ಸುಳ್ಳು ಹೇಳುವ ಯಾರೂ ಹೀಗೆ ತನಗೇ ವಿರುದ್ಧವಾಗಿ ಸಾಕ್ಷಿ ನುಡಿದದ್ದನ್ನು ಕಂಡಿರಲಿಲ್ಲ. ಆಮೇಲೆ ಅವನಿಗೆ ಇನ್ನೊಂದು ಹೊಳೆಯಿತು. ವಾಪಸ್ ಹೋಗೋಣ ಅಂದವನು ಆ ದಿನ ಸುಧಾಕರ್ ಒಬ್ಬನೇ. ಮೂರು ತಿಂಗಳಲ್ಲಿ ಒಂದು ಸಲವೂ ಅವನು ಅದನ್ನು ಎತ್ತಿ ಆಡಿರಲಿಲ್ಲ.

"ಮುದುಕನ ಮಾತು ಯಾರೂ ಕೇಳದಂಗೆ ಮಾಡ್ದೋನು ನಾನು," ಅಂದ ಶಿವಮೂರ್ತಿ.

"ಹೂಂ. ನೀನೇ," ಅಂದ ಸುಧಾಕರ್.

ಅಷ್ಟೇ. ಪುಟ್ಟಿ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಇಬ್ಬರೂ ತಟ್ಟೆಯಿಂದ ತಲೆಯೆತ್ತದೆ ಉಂಡರು. ಸುಧಾಕರ್ ಬೈಕಿನಲ್ಲಿ ಅವನನ್ನು ಚಾಮರಾಜನಗರದ ಬಸ್‌ಸ್ಟ್ಯಾಂಡಿಗೆ ಬಿಟ್ಟ. ಗುಂಡ್ಲುಪೇಟೆಯ ಬಸ್ಸು ಹತ್ತುವ ಮುಂಚೆ ಶಿವಮೂರ್ತಿ, "ಭಾನುವಾರ ಬಾ. ಚೈತ್ರ ಕೇಳ್ತಿದ್ಲು," ಅಂದ.

"ಹತ್ತೂವರೆಗೆ ಬತ್ತೀನಿ."

ಭಾನುವಾರ ಅವನು ಬಂದದ್ದು ಹನ್ನೊಂದೂ ಕಾಲಿಗೆ. ಆ ಮುಕ್ಕಾಲು ಗಂಟೆ ಶಿವಮೂರ್ತಿ, ಇವನು ಬರುವುದಿಲ್ಲ, ಬರುವವನಲ್ಲ, ಬರುತ್ತೇನೆ ಅಂದದ್ದೇ ಬಾಯಿಮಾತಿಗೆ ಎಂದುಕೊಳ್ಳುತ್ತ ಬಾಗಿಲಿಗೂ ಬೀದಿಗೂ ಕುಂಟುತ್ತ ಓಡಾಡಿದ. ಬೈಕಿನ ಸದ್ದು ತಿರುವಿನಲ್ಲಿ ಕೇಳಿದ ಮೇಲೆ ಒಳಗೆ ಹೋಗಿ, ಏನೂ ಗೊತ್ತಿಲ್ಲದವನಂತೆ ಪೇಪರ್ ಬಿಡಿಸಿಕೊಂಡು ಕೂತ. ಚೈತ್ರ ಒಲೆಯ ಮೇಲೆ ಕಾಫಿಗೆ ನೀರಿಟ್ಟಳು.